ಮಾರುವವರ ಹೇಳಿಕೆ

ಕ್ವಿಬೆಕ್‌ನಲ್ಲಿ, ಮೂರು ಹೊಳೆಗಳ ಹೆಸರು ಹೊತ್ತ ಊರು,
ತ್ರೋವಾ-ರಿವಿಯೇರ್. ಮಾರ್ಚ್ ಬಂದರೂ ಹಿಮ
ಮೂರನೆಯ ಮೆಟ್ಟಿಲಿನವರೆಗೆ.
ಗಿಲೇನ್ ಬೋಲಾಕ್ ಅಡುಗೆಮನೆಯ ಮೇಜಿನ ಮೇಲೆ
ಎಂಟು ಪುಟದ ನಮೂನೆ ಹರಡಿ ಕೂತಿದ್ದಾಳೆ.

ಸೂರು ಸೋರುತ್ತದೆಯೇ? ಇಲ್ಲ.
ಇರುವೆ, ಇಲಿ, ಬಾವಲಿ?
ಬಾವಲಿ, ಒಂದೇ ಸಲ, ಪೊರಕೆಯಲ್ಲಿ ಓಡಿಸಿದ್ದು.
ಅದನ್ನೂ ಬರೆಯಬೇಕೆ?
ಬರೆದಳು.
ಎಣ್ಣೆಯ ಟ್ಯಾಂಕು ನೆಲದಡಿ ಹೂತಿದೆಯೇ? ಇಲ್ಲ.
ಈ ಮನೆಯಲ್ಲಿ ಯಾರಾದರೂ ಅಸಹಜವಾಗಿ ಸತ್ತಿದ್ದಾರೆಯೇ?
ರೆಜಾನ್ ಸತ್ತದ್ದು ಆಸ್ಪತ್ರೆಯಲ್ಲಿ, ಸಹಜವಾಗಿ,
ಅಂದರೆ ಎಲ್ಲರಂತೆ, ಒಪ್ಪದೆ.

ಐದನೆಯ ಪುಟ: ತಳಪಾಯ.
ಬಿರುಕು ಇರುವುದು ನಿಮಗೆ ಗೊತ್ತೇ?
ಹೌದು. ಇಲ್ಲ. ಗೊತ್ತಿಲ್ಲ.
ಮೂರು ಚೌಕ, ಒಂದೇ ಅಳತೆ.

ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಹಿಂದೆ
ಕವಲೊಡೆದ ಗೆರೆ.
ಮೊದಲ ಚಳಿಗಾಲಕ್ಕೆ ಅದರೊಳಗೆ ಕಾಗದ ಹೋಗುತ್ತಿತ್ತು,
ಆಮೇಲೆ ಲೈಬ್ರರಿ ಕಾರ್ಡು,
ಈಗ ಇಪ್ಪತ್ತೈದು ಸೆಂಟಿನ ನಾಣ್ಯ,
ಮೇಲಿನ ಕ್ಯಾರಿಬು ಜಿಂಕೆ ಕೊಂಬುಸಮೇತ.

ಏಜೆಂಟ್ ಲೂಸಿಯೆನ್ ಕೋಟು ಬಿಚ್ಚದೆಯೇ ಹೇಳಿದ್ದ:
"ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ, ಮದಾಮ್.
ಗೊತ್ತಾದರೆ ಹೇಳಬೇಕಾಗುತ್ತೆ.
ಮಾಡಿಸದಿದ್ದರೆ, ಪಾಪ, ನಿಮಗೇನು ಗೊತ್ತು?"
ಆ ಪಾಪ ಯಾವ ಪಾಪವೋ.

ಅವಳಿಗೆ ಗೊತ್ತು.
ಈ ಬೀದಿಯ ಹನ್ನೊಂದು ಮನೆಗೆ ಕಾಂಕ್ರೀಟು ಸುರಿದ
ಲಾರಿ ನಡೆಸಿದವನೇ ರೆಜಾನ್.
ಸಂಜೆ ಬೂಟು ಬಡಿದರೆ ಬೂದಿ ಬಣ್ಣದ ಪುಡಿ,
ಪುಡಿಯಲ್ಲಿ ಹೊಳೆಯುವ ಕಣ.
"ಬಂಗಾರ ಕಣೇ," ಎಂದು ಅಂಗೈ ಚಾಚಿದ್ದ.
ಬಂಗಾರವಲ್ಲ. ನೀರು ಗಾಳಿ ತಾಗಿದರೆ
ಒಳಗೊಳಗೇ ಉಬ್ಬುವ ಗಂಧಕದ ಅದಿರು.
ಒಂಬತ್ತನೆಯ ಮನೆಯನ್ನು ಜಾಕಿ ಕೊಟ್ಟು ಎತ್ತಿದ ದಿನ
ಅವನು ಉಣ್ಣದೆ ಕಿಟಕಿಯ ಪರದೆ ಎಳೆದ.
ಉಳಿದವರ ಬಾಗಿಲು ತಟ್ಟಲಿಲ್ಲ.
ಅವನ ಮುಂದೆ ಯಾರೂ ನಮೂನೆ ಇಟ್ಟಿರಲಿಲ್ಲ.
ಅವಳೂ ಕೇಳಲಿಲ್ಲ. ಸಾರು ಮತ್ತೆ ಬಿಸಿ ಮಾಡಿದ್ದಳು.

ಹೌದು ಎಂದರೆ ಎಂಬತ್ತು ಸಾವಿರ ಡಾಲರು
ಪೆನ್ನಿನ ತುದಿಯಲ್ಲೇ ಇಂಗುತ್ತದೆ,
ತಂಗಿಯ ಜೊತೆ ಹೋಗಿ ನೋಡಿಟ್ಟ
ಎರಡು ಕೋಣೆಯ ಫ್ಲ್ಯಾಟೂ.

ಹೌದು.
'ವಿವರಿಸಿ' ಎಂಬಲ್ಲಿ ಎರಡೇ ಗೆರೆ.
ಬರಹ ಅಂಚು ಹತ್ತಿ, ತಿರುಗಿ,
ಪುಟದ ನೆತ್ತಿಯವರೆಗೆ ತೆವಳಿತು.

ಶನಿವಾರ ಬಂದ ಜೋಡಿ ಅದನ್ನು ಎರಡು ಸಲ ಓದಿತು,
ಆದರೂ ಕೆಳಗಿಳಿಯಿತು.
ಅವರ ಹುಡುಗ, ನಾಲ್ಕು ವರ್ಷ ಇರಬಹುದು,
ಜೇಬು ತಡಕಿ ಒಂದು ನಾಣ್ಯ ತೆಗೆದು
ಬಿರುಕಿಗೆ ತೂರಿಸಿ,
ಗೋಡೆಗೆ ಕಿವಿಯಿಟ್ಟು
ಟಣ್ ಎಂಬ ಸದ್ದಿಗೆ ಕಾದ.

ಅವಳೂ ಕಾದಳು.