ಕರೆಂಟ್ ಹೋಗಲಿ, ಹೇಳ್ತೀನಿ

ಎಡಕ್ಕ ಹೊಳ್ಳಿಸಿದರ ಕಟ, ಕಟ, ಕಟ.
ಬಲಕ್ಕ ಹೊಳ್ಳಿಸಿದರ ಏನಿಲ್ಲ.
ನೆಟ್ಟಗ ಹೊಂಟರಂತೂ ನನ್ನ ಇಂಡಿಕಾ
ನೋಡಾಕ ಬಂದವರ ಮುಂದ ಕುಂತ ಹುಡುಗಿ ಹಂಗ ಗಪ್ಪ.

ಮೀರಾಸಾಬ ಬಾನೆಟ್ ತಗೀಲಿಲ್ಲ.
ಚಾ ಕುಡಕೋತ ಕೇಳಿದ:
'ಎಂದಿನಿಂದ, ಅಕ್ಕಾರ?'
ಯುಗಾದಿ ಮುಂದ.
'ಸಾವಕಾಶ ಹೊಂಟಾಗೊ, ಜೋರಿನಾಗೊ?'
ಸಾವಕಾಶ, ಓಣಿ ತಿರುವಿನಾಗ.
'ಗಾಡಿ ತುಂಬಿದಾಗ ಹೆಚ್ಚೊ, ಖಾಲಿ ಇದ್ದಾಗೊ?'
ನನ್ನ ಗಾಡಿ ಖಾಲಿ ಇರೋದು ಯಾವಾಗ?
ಹಿಂದಿನ ಸೀಟು ಕಿತ್ತು ಹಾಕೇನಿ,
ಅರವತ್ತು ಸೀರಿ, ಮ್ಯಾಲ ಲಂಗದ ಗಂಟು,
ಮುಂದ ನಾನು, ಬಾಜೂಕ ಕಂತಿನ ವಹಿ.

'ಹಂಗಾರ ಕೇಳೂನು' ಅಂದ.
ಏನು ಕೇಳೂದು?
ಈ ಬಾಜೂ ಹನ್ನೆರಡು ಮಗ್ಗ, ಆ ಬಾಜೂ ಎಂಟು,
ಮಾಳಿಗಿ ಮ್ಯಾಲ ಮತ್ತ ನಾಕು.
ಬನಹಟ್ಟಿ ಓಣಿಯಾಗ ಮಾತು ಕೇಳೂದಂದ್ರ
ತುಟಿ ನೋಡೂದು.
'ಕರೆಂಟ್ ಹೋಗಲಿ, ಹೇಳ್ತೀನಿ.'

ಕುಂತೆ.
ಕರೆಂಟ್ ಹೋದ್ರ ಇಡೀ ಊರು ಶಾಪ ಹಾಕತೈತಿ,
ಇವನೊಬ್ಬ ಕಂಬದ ತಂತಿ ನೋಡಕೋತ ಕುಂದರತಾನ
ಬಸ್ಸಿನ ದಾರಿ ಕಾಯೋರ ಹಂಗ.

ಎರಡೂ ಹದಿನೈದಕ್ಕ ಹೋತು.
ಮಗ್ಗ ಒಂದೊಂದ ಉಸಿರು ಬಿಟ್ಟವು,
ಕಡೀ ಲಾಳಿ ಅರ್ಧ ದಾರಿಗೆ ನಿಂತಿತು.
ಆಮ್ಯಾಲ ಎಷ್ಟು ಶಾಂತ ಅಂದ್ರ
ಯಾರದೋ ಮನಿಯಾಗ ರೊಟ್ಟಿ ಬಡಿಯೂದು,
ಎದ್ದು ನಿಂತ ಮೀರಾಸಾಬನ ಮೊಣಕಾಲು ಲಟಕ್ ಅಂದದ್ದು,
ಎರಡೂ ಕೇಳಿದವು.

'ಗೋಡಿ ಬಾಜೂಕ ಹೊಡೀರಿ, ಗ್ಲಾಸು ಇಳಸ್ರಿ.
ಸಪ್ಪಳ ಗೋಡಿಗೆ ಬಡದು ಹೊಳ್ಳಿ ಬರತೈತಿ.
ಸ್ಟೇರಿಂಗ್ ಪೂರಾ ಎಡಕ್ಕ. ತಿರುಗ್ರಿ, ತಿರುಗ್ರಿ.'
ಸೊಸೈಟಿ ಬಯಲಿನಾಗ ನಾ ಗಾಣದ ಎತ್ತಾದೆ.
ಅವ ಬಾಜೂಕ ಓಡಿದ, ಬಗ್ಗಿಕೊಂಡು,
ಕಿವಿ ಗಾಲಿಗೆ ಕೊಟ್ಟು.
ಹುಡುಗ ಕಾಡೇಶ ಪಾನಾ ಹಿಡಕೊಂಡು ನಗಾಕತ್ತಿದ್ದ.

'ಗುಂಯ್ ಅಂದಿದ್ರ ಬೇರಿಂಗು,
ಕಿರ್ರ್ ಅಂದಿದ್ರ ಮ್ಯಾಲಿನ ರಬ್ಬರು.
ಇದು ಹಲ್ಲು ಕಡಿಯಾಕತ್ತೈತಿ. ಜಾಯಿಂಟು.'
ನಾ ಎಡಗಾಲಿ ತೋರಿಸಿದೆ.
'ಅಲ್ರೀ, ಬಲದ್ದು.
ಎಡಕ್ಕ ಹೊಳ್ಳಿದರ ಭಾರ ಬಲಕ್ಕ ಬೀಳತೈತಿ.
ಹೊಳ್ಳಾವ ಒಬ್ಬ, ಅಳಾವ ಇನ್ನೊಬ್ಬ.'

ಬಿಚ್ಚಿದ್ರ ಅದ ಖರೆ.
ರಬ್ಬರಿನ ಬೂಟು ಹರದಿತ್ತು,
ಬಗಲಾಗ ಸೀಳಿದ ಕುಬಸದ ಹಂಗ.
ಗ್ರೀಸೆಲ್ಲಾ ರಿಮ್ಮಿಗೆ ಸಿಡದು
ಒಳಗ ಬರೇ ಹೊಳಿದಂಡಿ ಉಸುಕು.
ಆರು ಉಕ್ಕಿನ ಗೋಲಿ ಒಂದೊಂದ ತಗದು
ನನ್ನ ಅಂಗೈಯಾಗ ಇಟ್ಟ.
ಎಳ್ಳಿನಷ್ಟ ಕುಣಿ, ಉಗುರಿಗೆ ಹತ್ತಿತು.
'ಬೂಟು ಹರದಾಗ ಬಂದಿದ್ರ
ಇನ್ನೂರಕ್ಕ ಮುಗೀತಿತ್ತು ಅಕ್ಕಾರ.
ಈಗ ಎರಡೂವರಿ ಸಾವಿರ.'
ಇಂಥಾ ಮಾತು ನಾನೂ ಹೇಳತೀನಿ,
ಕಂತು ತಪ್ಪಿಸಿದವರಿಗೆ.

ನಟ್ಟು ಬಿಗಿಯೂದ್ರಾಗ ಕರೆಂಟ್ ಬಂತು.
ಇಪ್ಪತ್ನಾಕು ಮಗ್ಗ ಒಮ್ಮೆಲೆ ಒದರಿದವು.
ಮೀರಾಸಾಬ ಏನೋ ಅಂದ, ಕೇಳಲಿಲ್ಲ.
ಐದು ಬೆರಳು ತೋರಿಸಿದ:
ಐನೂರು ಬಾಕಿ.

ಮರುದಿನ ಜಗದಾಳ.
ಹನಮಪ್ಪನ ಗುಡಿ ಹಿಂದ ಎಡಕ್ಕ ತಿರುವು.
ಕಟ ಇಲ್ಲ, ಪಟ ಇಲ್ಲ.
ಬಾಗಲಾ ಎಲ್ಲಾ ತಗದಾವ!
ಮೂರು ತಿಂಗಳಿಂದ 'ಊರಾಗಿಲ್ಲ' ಅನಿಸಿಕೊಂಡ ಪಾರವ್ವ
ಕಟ್ಟಿ ಮ್ಯಾಲ ಕಾಲು ಚಾಚಿ
ಮಗಳ ತಲಿ ಹಿಕ್ಕಾಕತ್ತಾಳ,
ಉಟ್ಟದ್ದು ನಂದ, ಹಸರ ದಡೀದು,
ಎರಡನೇ ಕಂತು ಇನ್ನೂ ಮುಟ್ಟಿಲ್ಲ.
ಆಗ ತಿಳೀತು ನನಗ,
ಯುಗಾದಿಯಿಂದ ಈ ಓಣಿ ಯಾಕ ಖಾಲಿ ಇರತಿತ್ತಂತ.

ಅಕಿ ಎದ್ದು ಓಡಲಿಲ್ಲ.
ಹಣಗಿ ಕೂದಲಾಗ ಸಿಕ್ಕೊಂಡಿತ್ತು.
ನನ್ನ ನೋಡಿದ್ಳು, ಗಾಡಿ ನೋಡಿದ್ಳು.
'ಸಪ್ಪಳ ಎಲ್ಲಿ ಹೋತ ಯಕ್ಕಾ?' ಅಂದ್ಳು,
ಮೋಸ ಹೋದವರ ದನಿಯಾಗ.
ವಹಿ ತಗೀಲಿಲ್ಲ. ನೀರು ಕೇಳಿದೆ.
ಕೊಟ್ಟಳು. ತಂಪಿತ್ತು.

ಮುಂದಿನ ಸೋಮವಾರ
ತಿರುವು ಇನ್ನೂ ನಾಕು ಮಾರು ಇರೂವಾಗ
ಎರಡು ಸಲ ಹಾರ್ನ್ ಹೊಡದೆ.
ಆಮ್ಯಾಲ ಸಾವಕಾಶ ಹೊಳ್ಳಿಸಿದೆ, ಗ್ಲಾಸು ಇಳಿಸಿ.
ಬಾಗಲಾ ಮುಚ್ಚೂ ಸಪ್ಪಳ ಒಂದರ ಹಿಂದ ಒಂದು.
ಮೂರನೇದ್ದು ಕಿರ್ರ್ ಅಂತು. ಪಾರವ್ವಂದು.
ಮ್ಯಾಲಿನ ಬಿಜಾಗರಿಗೆ
ಎಣ್ಣಿ ಬೇಕಾಗೇತಿ.