ತೆಂಗಿನಕಾಯಿ ಹಿಡಿಸದಷ್ಟು

ಫಕ್ರುದ್ದೀನನ ಸೈಕಲ್ ಅಂಗಡಿಯಲ್ಲಿ ಮೂರು ಬಗೆ ತೂಗುತ್ತಿದ್ದವು.
ಚರ್ಮದ್ದೊಂದು, ಕಂದು, ಹಿತ್ತಾಳೆಯ ಬಕಲ್ಲು, ನೋಡಲು ಚೆಂದ.
ಆದರೆ ಇದು ಕಾರವಾರ,
ಜೂನ್ ಬಂದರೆ ದೇವರ ಪಟಕ್ಕೂ ಬೂಷ್ಟು.
"ವಾರಕ್ಕೊಮ್ಮೆ ಎಣ್ಣೆ ಉಜ್ಜಿದರಾಯಿತು" ಅಂದ.
ನನ್ನ ತಲೆಗೇ ಎಣ್ಣೆ ಕಾಣಿಸಿ ತಿಂಗಳಾಯಿತು ಮಾರಾಯ.

ಎರಡನೆಯದಕ್ಕೆ ಜಿಪ್ಪು.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಹನ್ನೊಂದು ವರ್ಷ ಲೆಕ್ಕ ಬರೆದವಳಿಗೆ
ಜಿಪ್ಪಿನ ಆಯುಷ್ಯ ಗೊತ್ತು:
ಉಪ್ಪುಗಾಳಿಗೆ ಮೊದಲು ಬೆಳ್ಳಗೆ, ಆಮೇಲೆ ಹಸಿರು,
ಚೌತಿಯ ಹೊತ್ತಿಗೆ ಹಲ್ಲು ಕಚ್ಚಿ ಕೂತರೆ ಕೂತಿತು.

ಮೂರನೆಯದು ಅಂಟುಪಟ್ಟಿಯದು.
ಮರಳು ಹೊಕ್ಕರೆ ಅಂಟುವುದ ಮರೆತು
ಬರೇ ಕೆರೆಯುತ್ತದೆ.

"ಅಕ್ಕ, ಹಾಗಾದರೆ ದೊಡ್ಡದೇ ಒಯ್ಯಿರಿ, ನೂರು ರೂಪಾಯಿ ಹೆಚ್ಚು ಅಷ್ಟೆ.
ಜಾಗ ಅಂತ ಇದ್ದರೆ ಏನಾದರೂ ಹಿಡಿಸುತ್ತದೆ."

ಅದೇ ತೊಂದರೆ.
ಹಿಂದಿನ ಚೀಲ ದೊಡ್ಡದಿತ್ತು,
ಕ್ಯಾರಿಯರಿನ ಎರಡೂ ಬದಿಗೆ, ಅಗಸರ ಕತ್ತೆಯ ಹೇರಿನ ಹಾಗೆ.
ಸದಾಶಿವಗಡದ ಮೊದಲ ತಿರುವಿನಲ್ಲೇ ವತ್ಸಲಾಬಾಯಿ,
"ಹೇಗೂ ಅದೇ ದಾರಿಯಲ್ಲವೆ",
ಕೋಡಿಬಾಗದ ಮಗಳಿಗೆ ಐದು ನುಗ್ಗೆಕಾಯಿ.
ಸೇತುವೆಯ ಬುಡದಲ್ಲಿ ಪೆಡ್ನೇಕರ ಮಾಸ್ತರರ ಕರೆಂಟ್ ಬಿಲ್ಲು,
ಹಣ ಯಾವಾಗಲೂ ಎರಡು ರೂಪಾಯಿ ಕಮ್ಮಿ.
ಸಂಜೆ ತಿರುಗಿ ಬರುವಾಗ ಯಾರದೋ ಮಿಕ್ಸರಿನ ಜಾರು,
ಯಾರದೋ ಅರ್ಧ ಡಜನ್ ಬಂಗಡೆ, ನೀರು ಸೋರುತ್ತ.
ಒಮ್ಮೆ ಒಂದು ಜೀವಂತ ಹುಂಜ.
ನಡುಸೇತುವೆಯಲ್ಲಿ ಅದು ಕೂಗಿದಾಗ
ಲಾರಿಯವನೂ ಹಾರ್ನ್ ಹೊಡೆದು ಉತ್ತರ ಕೊಟ್ಟ.

ಇಲ್ಲ ಅನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ.
ಅದನ್ನು ಚೀಲವೇ ಹೇಳಬೇಕು.

ಹಾಗೆ ಹೋದದ್ದು ಜೂಜೆಯ ಬಳಿಗೆ.
ಬಂದರಿನ ಹಿಂದೆ, ಟ್ರಾಲರುಗಳಿಗೆ ತಾಡಪಾಲು ಹೊಲಿಯುವವನು.
"ಅಳತೆ ಹೇಳು ಬಾಯೆ."
ತೇಪೆಯ ಡಬ್ಬಿ, ಅಂಟಿನ ಟ್ಯೂಬು,
ಟೈರು ಎಬ್ಬಿಸುವ ಎರಡು ಪಟ್ಟಿ, ಒಂದು ಸ್ಪಾನರು,
ಮಡಚಿ ಮಡಚಿ ಚಿಕ್ಕದಾದ ನೂರರ ನೋಟು.
"ತೆಂಗಿನಕಾಯಿ?"
ಹಿಡಿಸಬಾರದು.
"ಕಡಿ?"
ಅದೂ.
"ಒಂದೇ ಒಂದು ಬಂಗಡೆ, ಬಾಲ ಮಡಚಿ?"
ಜೂಜೆ, ನನಗೆ ಕೆಲಸಕ್ಕೆ ಹೊತ್ತಾಯಿತು.

ನೀಲಿ ತುಂಡೊಂದನ್ನು ಹೆಕ್ಕಿದ.
ಯಾವುದೋ ದೋಣಿಯ ಹೆಸರಿನ ಕೊನೆಯಕ್ಷರ ಅದರ ಮೇಲೆ ಉಳಿದಿತ್ತು,
'ದ'. ಪ್ರಸಾದವೋ, ಆನಂದವೋ, ನಾನು ಕೇಳಲಿಲ್ಲ.
ಜಿಪ್ಪಿಲ್ಲ, ಮರದ ಗುಂಡಿ, ಬಲೆಯ ದಾರದ ಕುಣಿಕೆ.
ಸೀಟಿನಡಿಗೆ ಎರಡು ಪಟ್ಟಿ, ಕಂಬಕ್ಕೊಂದು,
ತುಳಿಯುವಾಗ ತೊಡೆಗೆ ತಾಗದಂತೆ ಮೂತಿ ಕಿರಿದು.
ಅಲುಗಿಸಿ ನೋಡಿದ. ಒಳಗಿನ ಸ್ಪಾನರು ಸದ್ದು ಮಾಡಿತು,
ಬಿಚ್ಚಿ, ಚಿಂದಿಯೊಂದನ್ನು ಸುತ್ತಿ ಮತ್ತೆ ಇಟ್ಟ.
ಅರವತ್ತು ರೂಪಾಯಿ. ಚಿಂದಿ ಪುಕ್ಕಟೆ.

ಇವತ್ತು ಬೆಳಿಗ್ಗೆ ವತ್ಸಲಾಬಾಯಿ
ಸೀಟಿನ ಕೆಳಗೆ ಬಗ್ಗಿ ನೋಡಿದರು,
ಸೈಕಲ್ಲಿಗೊಂದು ಸುತ್ತು ಬಂದು ಮತ್ತೆ ನೋಡಿದರು.
"ಇಷ್ಟೇಯಾ?"
ಕೈಯಲ್ಲಿದ್ದ ಹಲಸಿನ ತೊಳೆಯ ಪೊಟ್ಟಣ
ಮೆಲ್ಲಗೆ ಬೆನ್ನ ಹಿಂದೆ ಹೋಯಿತು.
ಗೆದ್ದೆ ಅಂದುಕೊಂಡೆ,
ಪೆಡಲಿನ ಮೇಲೆ ಕಾಲೂ ಇಟ್ಟಿದ್ದೆ.

ಆಗ ಅವರು ಕಿವಿಗೆ ಕೈ ಹಾಕಿ
ತಿರುಪು ಸವೆದ ಓಲೆಯೊಂದನ್ನು ಬಿಚ್ಚಿದರು,
ಕ್ಯಾಲೆಂಡರಿನ ಚೂರಿನಲ್ಲಿ, ಹೋದ ತಿಂಗಳ ಏಕಾದಶಿಯಲ್ಲಿ, ಸುತ್ತಿದರು.
"ಹಬ್ಬುವಾಡದ ರಾಯ್ಕರರಿಗೆ ಕೊಟ್ಟರೆ ಸಾಕು.
ಇದು ಹಿಡಿಸುತ್ತದಲ್ಲ?"

ಹಿಡಿಸಿತು.

ಕಾಳಿಯ ಮೇಲೆ ಗಾಳಿ ಜೋರಿತ್ತು.
ಸೇತುವೆ ದಾಟುವುದರೊಳಗೆ ಮೂರು ಸಲ ಇಳಿದು
ಗುಂಡಿ ಮುಟ್ಟಿ ನೋಡಿದೆ.
ನುಗ್ಗೆಕಾಯಿಗೆ ಒಮ್ಮೆಯೂ
ಹೀಗೆ ಇಳಿದವಳಲ್ಲ.