ಲೇಸಿಲ್ಲದ ಬೂಟು

ಕಬ್ಬಿಣದ ಅಳತೆತಟ್ಟೆಯ ಮೇಲೆ ನಿಲ್ಲಿಸಿ
ಅಂಗಡಿಯ ಹೆಂಗಸು ಎಡಗಾಲು ಅಳೆದಳು, ಆಮೇಲೆ ಬಲ.
"ಇದು ಏಳೂವರೆ. ಇದು ಎಂಟು.
ಬೆರಳ ತುದಿ ನೋಡಬೇಡ, ಇಲ್ಲಿ ನೋಡು,
ಹೆಬ್ಬೆರಳ ಬುಡದ ಗಂಟು. ಪಾದ ಮಡಿಯುವುದು ಇಲ್ಲಿ.
ಬೂಟೂ ಇಲ್ಲೇ ಮಡಿಯಬೇಕು."
ಮೂವತ್ತೊಂದು ವರ್ಷ ನನ್ನನ್ನು ಹೊತ್ತು ತಿರುಗಿದವು
ಜೋಡಿಯೇ ಅಲ್ಲವೆಂದು ಅವತ್ತು ಗೊತ್ತಾಯಿತು.

ಇದಕ್ಕೆ ಲೇಸಿಲ್ಲ.
ಕಾಲಿಗೆ ಲೇಸಾಗುವುದು ಆಮೇಲಿನ ಮಾತು.
ದಾರವಿಲ್ಲ, ಕಣ್ಣಿಲ್ಲ, ನಾಲಗೆಯಿಲ್ಲ.
ಹಾರಿದ ಕಿಡಿಗೆ ಕೂರಲು ಜಾಗವಿರಬಾರದೆಂದು
ರೈಲಿನ ಒಲೆಯ ಮುಂದೆ ನಿಂತವರು ಮೆಟ್ಟುತ್ತಿದ್ದರಂತೆ.
ವೆಲ್ಡಿಂಗಿನವಳು ನಾನು, ನನಗೂ ಅದೇ ಬೇಕು.
ಬಕಲ್ ಎರಡಿವೆ: ಮೇಲಿನದು ಶೋಕಿಗೆ,
ಕೆಳಗಿನದೂ ಹೆಚ್ಚುಕಮ್ಮಿ ಶೋಕಿಗೇ.
ಹಿಡಿದರೆ ಪಾದದ ಉಬ್ಬೇ ಹಿಡಿಯಬೇಕು.

ಹಿಮ್ಮಡಿ ಒಳಗೆ ಕೂತಾಗ
ಬಾಟಲಿಯ ಬಿರಡೆ ಕಿತ್ತಂಥ ಸದ್ದು.
"ಕೇಳಿಸಿತಾ? ಆ ಸದ್ದಿಲ್ಲದೆ ನಾನು ಮಾರುವುದಿಲ್ಲ.
ಹಿಮ್ಮಡಿ ಕಾಲಿಂಚು ಏಳುತ್ತದೆ, ಏಳಲಿ,
ಅಟ್ಟೆ ಬಗ್ಗಿದ ಮೇಲೆ ಸುಮ್ಮನಾಗುತ್ತದೆ.
ಬೆರಳು ಒತ್ತಿದರೆ ಮಾತ್ರ ವಾಪಸು ತಾ."

ಕಚ್ಚಿತು.
ನಾಯಿಯಾದರೆ ಒಂದು ಸಲ, ಇದು ಹೆಜ್ಜೆಗೊಂದು ಸಲ.
ಜನವರಿ. ಸರೋವರ ಕಲ್ಲಾಗಿತ್ತು.
ಡುಲುತ್‌ನ ಆಚೆ ದಡದಲ್ಲಿ ರಿಪೇರಿಗೆ ನಿಂತ ಅದಿರುಹಡಗು,
ಅದರ ಹೊಟ್ಟೆಯಡಿ ಮಂಡಿಯೂರಿದಾಗೆಲ್ಲ
ಮುಂಗಾಲ ಮೇಲೆ ಗೆರೆ ಆಳವಾಯಿತು, ಬಲಗಾಲಿನದು ಓರೆ.
ಉಣ್ಣೆಯ ಕಾಲುಚೀಲ ಎರಡು ಜೊತೆ, ನಡುವೆ ಟೇಪು,
ಟೇಪಿನಡಿ ಬೊಬ್ಬೆ, ಬೊಬ್ಬೆಯಡಿ ಇನ್ನೊಂದು ಬೊಬ್ಬೆ.

ಹನ್ನೊಂದನೆಯ ರಾತ್ರಿ ಬಲಗಾಲು ಬರಲೇ ಇಲ್ಲ.
ಬಾಗಿಲ ಸಂದಿಗೆ ಸಿಕ್ಕಿಸಿದೆ, ಮಂಚದ ಕಾಲಿಗೆ,
ಶಾಖದ ಕೊಳವೆಗೆ. ಕತ್ತರಿ ಕಣ್ಣಿಗೆ ಬಿತ್ತು,
ಕೊಟ್ಟ ನಾನ್ನೂರು ಡಾಲರೂ ಕಣ್ಣಿಗೆ ಬಿತ್ತು.
ಒಂದು ಬೂಟು, ಒಂದು ಬರಿಗಾಲು,
ಕುಂಟುತ್ತ ಇಳಿದು ಕೆಳಮನೆಯ ಬಾಗಿಲು ತಟ್ಟಿದೆ.

ಉರ್ಹೊ ಪೆಲ್ಕೊನೆನ್.
ಎರಡು ವರ್ಷದಲ್ಲಿ ನಮ್ಮ ಮಾತು ಇಷ್ಟೇ:
ಹಿಮ ಬಿತ್ತು. ಹೌದು, ಬಿತ್ತು.
ಕಾಲು ನೋಡಿದ, ಮುಖ ನೋಡಲಿಲ್ಲ.
ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನು ತಿರುಗಿಸಿ ಬಗ್ಗಿ
ಬೂಟನ್ನು ಮೊಣಕಾಲುಗಳ ನಡುವೆ ಹಿಡಿದು
ತನ್ನ ಕುಂಡೆ ತಟ್ಟಿಕೊಂಡ.
"ಇನ್ನೊಂದು ಕಾಲು ಇಲ್ಲಿಡು, ಡಾಗ್ನಿ. ಒದಿ."
ನನ್ನ ಹೆಸರು ಆತನಿಗೆ ಗೊತ್ತಿದೆಯೆಂದು ಗೊತ್ತಿರಲಿಲ್ಲ.
"ಅಯ್ಯೋ, ಹೇಗೆ..."
"ಎಂಬತ್ತೊಂದಾಯಿತು ನನಗೆ. ಒದೆ ತಿಂದೇ ಬೆಳೆದವನು. ಒದಿ."

ಒದ್ದೆ.
ಮುದುಕ ಗೋಡೆಯ ಹತ್ತಿರ, ಕೈಯಲ್ಲಿ ಬೂಟು,
ನಾನು ಕುರ್ಚಿಸಮೇತ ನೆಲದ ಮೇಲೆ.
"ಲೆಂಪಿಗೆ ಇನ್ನೂ ಒಳ್ಳೆ ಗುರಿಯಿತ್ತು" ಎಂದ.
ಗೋಡೆಯ ಫೋಟೋದಲ್ಲಿ ಆಕೆ, ಗಟ್ಟಿಮುಟ್ಟಾದ ಹೆಂಗಸು.
ಬೂಟಿನೊಳಗೆ ಮೊಳಕೈವರೆಗೆ ಕೈ ಇಳಿಸಿ,
ವೈದ್ಯನಂತೆ ಕಣ್ಣು ಮುಚ್ಚಿ, ತಡವಿ ತಡವಿ
ಹಿಮ್ಮಡಿಯ ಹತ್ತಿರ ಒಂದು ಮಡಿಕೆ ಹುಡುಕಿದ.
ಕಾಫಿ ಚಮಚದ ಬೆನ್ನಿನಿಂದ ತಿಕ್ಕುತ್ತ ಕೂತ
ಅರ್ಧ ಗಂಟೆ. ನಾವು ಏನೂ ಮಾತಾಡಲಿಲ್ಲ.
ಕಾಫಿಗೆ ಅದೇ ಚಮಚ.

ಆಮೇಲೆ ದಿನಾ ಒದ್ದೆ.

ಮಾರ್ಚಿನ ಕೊನೆಗೆ ಸರೋವರ ಬಿರಿಯಿತು, ಹಡಗು ಹೋಯಿತು.
ಬೂಟಿನ ಕತ್ತು ಕಣಕಾಲಿನ ಮೇಲೆ ಕುಸಿದು ಕೂತಿದೆ,
ಕಪ್ಪು ಸವೆದಲ್ಲಿ ಕಂದು ಇಣುಕಿದೆ,
ಓರೆ ಗೆರೆ ನನ್ನದೇ ಅಂಗೈಗೆರೆಯಷ್ಟು ಪರಿಚಿತ.
ಕುರ್ಚಿಯ ಕಾಲಿಗೆ ಹಿಮ್ಮಡಿ ತಗಲಿಸಿದರೆ ಸಾಕು, ಬಂದುಬಿಡುತ್ತದೆ.
ಮೆಟ್ಟಿಲ ಮೇಲೆ ಕಿರ್ರೆನ್ನುತ್ತಿದ್ದುದೂ ನಿಂತಿದೆ.

ತಟ್ಟಿದೆ.
"ಇನ್ನೂ ಸಡಿಲಾಗಿಲ್ಲವೇ?"
"ಬಲಗಾಲು" ಎಂದೆ.

ಮೂರನೆಯ ಮಹಡಿಯ ನಲ್ಲಿ ತೊಟ್ಟಿಕ್ಕಿದರೂ
ಕೇಳಿಸುವ ಕಿವಿ ಅದು.
ಏನೂ ಅನ್ನದೆ ಬೆನ್ನು ತಿರುಗಿಸಿದ,
ಗೋಡೆಗೆ ಒಂದು ಕೈ ಊರಿ ಬಗ್ಗಿದ.
"ಮೆಲ್ಲಗೆ" ಎಂದ,
ಮೊದಲ ಸಲ.